ಕರ್ಚೀಫು ಹಾಕಿದ ಹೆಸರು

ಸ್ವಾರಗೇಟ್ ಡಿಪೋದಲ್ಲಿ ಹನ್ನೊಂದು ವರ್ಷದಿಂದ ಕಂಡಕ್ಟರು ನಾನು.
ಕಿಟಕಿಯಿಂದ ಕರ್ಚೀಫು ಎಸೆದು ಸೀಟು ನಂದು ಅನ್ನುವವರನ್ನೂ
ಅದನ್ನು ಮಡಚಿ ಬದಿಗಿಟ್ಟು ಕೂತುಬಿಡುವವರನ್ನೂ
ದಿನಾ ನೋಡುತ್ತೇನೆ.
ತೀರ್ಪು ಕೊಡುವುದಿಲ್ಲ. ಟಿಕೀಟು ಕೊಡುತ್ತೇನೆ.

ಇದು ಮನೆಯ ಮಾತು.
ಸಸೂನ್ ಆಸ್ಪತ್ರೆಯಲ್ಲಿ, ಅವ್ವನ ಕಡೆಯ ವಾರ,
ಕಾಲು ಒತ್ತುತ್ತ ಸಿದ್ರಾಮ ಅಂದಿದ್ದ:
‘ನನಗ ಹೆಣ್ಣು ಹುಟ್ಟಿದರ ಕುಮುದಿನಿ ಅಂತನೇ ಇಡ್ತೀನಿ.’
ಅದು ಕರ್ಚೀಫು.
ಹಡಪ್ಸರದ ಅತ್ತಿಗೆ ಅಂಬಿಕಾ
ಹನ್ನೆರಡು ದಿನ ಮೊದಲೇ ಹಡೆದಳು.
ಬೀರಣ್ಣ ಕೂತುಬಿಟ್ಟ.

‘ಹಿರೇ ಮಗ ನಾನು. ಮೊದಲ ಹಿಡಿ ಮಣ್ಣು ನಂದು,
ಹೆಸರೂ ನಂದು.’
‘ಮೊದಲ ಮಾತು ನಂದು,’ ಭೋಸರಿಯಿಂದ ಸಿದ್ರಾಮ.
ಆಮೇಲೆ ಇಬ್ಬರ ಫೋನೂ ನನಗೇ.
ಕೂಸಿನ ಕಿವಿಯಲ್ಲಿ ‘ಕುರ್ರ್’ ಅನ್ನಲು
ಸೋದರತ್ತಿ ಬೇಕಲ್ಲ, ಇರುವವಳು ನಾನೊಬ್ಬಳೇ.

ನಾನಂದೆ: ‘ಈ ಪುಣೆದಾಗ ಎಷ್ಟು ಗಣೇಶನಗರ ಅದಾವ, ಎಣಿಸೀರೇನು?
ಎಲ್ಲರೂ ಸಂಜೀಕ ಅವರವರ ಮನಿ ಮುಟ್ಟತಾರ.’
ಇಬ್ಬರೂ ನಗಲಿಲ್ಲ.

ಒಂದು ರವಿವಾರ ಇಬ್ಬರನ್ನೂ ನನ್ನ ಖೋಲಿಗೆ ಕರೆದು
ನಡುವೆ ತಂಬಿಗೆ ಇಟ್ಟೆ.
ಪಾತ್ರೆ ಹಂಚುವಾಗ ತೂತು ಬಿದ್ದದ್ದೆಂದು
ಇಬ್ಬರೂ ಬಿಟ್ಟುಹೋದ ತಂಬಿಗೆ.
ಕಂಠದ ಕೆಳಗೆ ಕೊರೆದ ಅಕ್ಷರ: ಚಿ. ಮಾಳವ್ವ.

ಇಂಡಿಯ ಕಡೆಯ ಹುಡುಗಿ ಮಾಳವ್ವ.
ಖಡಕಿಯ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸ ಹಿಡಿದ ಅಪ್ಪ
ಮದುವೆಯ ದಿನ ತಾಟಿನ ಅಕ್ಕಿಯಲ್ಲಿ
ಉಂಗುರದಿಂದ ಬರೆದ: ಕುಮುದಿನಿ.
ಎಲ್ಲಿ ಓದಿದ್ದನೋ, ಯಾರ ಹೆಸರೋ.
ಸಂಜೆ ಆ ಅಕ್ಕಿ ಎಸರಿಗೆ ಬಿತ್ತು,
ಬೀಗರು ಉಂಡು ಹೋದರು.
ಅವ್ವ ಹೇಳುತ್ತಿದ್ದಳು, ಮೂರು ದಿನ
ಯಾರಾದರೂ ಕುಮುದಿನೀ ಅಂತ ಕೂಗಿದರೆ
ಆಕೆ ಯಾರು ಬಂದಳೆಂದು
ಹಿಂದೆ ತಿರುಗಿ ನೋಡುತ್ತಿದ್ದಳಂತೆ.

‘ಎರಡು ಹೆಸರು ಅದಾವ. ಒಬ್ಬಾಂವ ಇದನ್ನ ತಗೋರಿ,’ ಅಂದೆ.
ಬೀರಣ್ಣ ತಂಬಿಗೆಯ ತೂತಿಗೆ ಬೆರಳಿಟ್ಟ.
‘ಇಂಗ್ಲಿಷ್ ಸಾಳಿಗೆ ಹೋಗೋ ಕೂಸಿಗೆ ಮಾಳವ್ವ ಅಂತಾರೇನು?’
ಅದೊಂದು ವಿಷಯದಲ್ಲಿ
ಸಿದ್ರಾಮ ಅಣ್ಣನ ಮಾತಿಗೆ ತಲೆ ಹಾಕಿದ.
ಎರಡು ತಿಂಗಳಲ್ಲಿ ಅವರು ಒಪ್ಪಿದ್ದು ಅದೊಂದೇ.

ಸಿದ್ರಾಮನ ಹೆಂಡತಿ ಪ್ರಾಜಕ್ತಾ ಸಾತಾರದ ಕಡೆಯವಳು.
ಕನ್ನಡ ಓದಲಾರಳು.
ಇಷ್ಟು ದಿನ ಅದು ಬಳ್ಳಿಯ ಚಿತ್ತಾರವೆಂದೇ ತಿಳಿದಿದ್ದಳಂತೆ.
ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಕೇಳಿದಳು.
ಹೇಳಿದೆ.
‘ಮಾಳ,’ ಅಂದಳು. ‘ಅಂದರೆ ಮಣಿಯ ಸರ.’
ನಮ್ಮಲ್ಲಿ ಹಾಗಲ್ಲ, ಅದು ದೇವರ ಹೆಸರು ಅನ್ನಲು ಹೋಗಿ
ಬಾಯಿ ಮುಚ್ಚಿಕೊಂಡೆ.
ತಂಬಿಗೆ ಕೇಳಿದಳು. ಕೊಟ್ಟೆ.

ಕಡೆಗೆ ಎರಡು ತೊಟ್ಟಿಲು, ಒಂದೇ ಹೆಸರು.
ಹಡಪ್ಸರದಲ್ಲಿ ಕುರ್ರ್ ಅಂದೆ, ಕುಮುದಿನಿ,
ಹೆಂಗಸರು ಬೆನ್ನಿಗೆ ಗುದ್ದಿದರು.
ಭೋಸರಿಯಲ್ಲಿ ಕುರ್ರ್ ಅಂದೆ, ಕುಮುದಿನಿ,
ಅಲ್ಲಿ ಗುದ್ದು ಇನ್ನೂ ಜೋರು.
ಮರುದಿನ ಡಬಲ್ ಡ್ಯೂಟಿ.
ಬ್ರೇಕು ಬಿದ್ದಾಗಲೆಲ್ಲ ಬೆನ್ನು ಎರಡು ಸಲ ನೋಯುತ್ತಿತ್ತು.

ಬೀರಣ್ಣ ಇನ್ನೂ ಭೋಸರಿಯ ಮೆಟ್ಟಿಲು ಹತ್ತಿಲ್ಲ.

ಮೊನ್ನೆ ರಜೆಯಲ್ಲಿ ನಾನು ಹೋಗಿದ್ದೆ.
ತಂಬಿಗೆಗೆ ಬೆಸುಗೆ ಹಾಕಿಸಿದ್ದಾರೆ,
ಬಚ್ಚಲಲ್ಲಿ ಕೂಸಿನ ನೀರಿಗೆ ಅದೇ.
ಪ್ರಾಜಕ್ತಾ ಒಳಗಿನಿಂದ ಕೂಗಿದಳು,
‘ಮಾಳೂ!’
ಸಿದ್ರಾಮ ಮೊಬೈಲಿನಿಂದ ತಲೆ ಎತ್ತಲಿಲ್ಲ,
ಬೇಡ ಅಂತಲೂ ಅನ್ನಲಿಲ್ಲ.

ಗೋದಿ ಮೇಲೆ ಅಂಗಾತ ಮಲಗಿದ್ದ ಕೂಸು
ಕಾಲು ಝಾಡಿಸಿ ಬಾಗಿಲ ಕಡೆ ನೋಡಿತು.
ಹಿಂದೆ ಯಾರಿದ್ದಾರೆಂದು
ತಿರುಗಲಿಲ್ಲ.